ಗಿಣಿಮೂಗಿಯ ಕೆಳದವಡೆ

ನಮ್ಮ ಮನೆಗೆ ಮೊದಲ ಸಲ ಬಂದವರು ಹಿಂದಿನ ಕೋಣೆಯ ಬಾಗಿಲು ತೆರೆದರೆ ಸರಕ್ಕನೆ ಹಿಂದೆ ಸರಿಯುತ್ತಾರೆ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ತುಂಬ ಮೇಕೆಗಳ ತಲೆಬುರುಡೆಗಳು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಹಿಂದೆ ಸರಿಯಲಿಲ್ಲ. ಮುಂದೆ ಹೋಗಿ ಒಂದನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದೆ. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ಅರಳಿತು. ಕೊಂಬು ಹಿಡಿದು ಎತ್ತಲಿಲ್ಲವಲ್ಲ ಎಂದು ಅವರಿಗೆ ಸಮಾಧಾನ. ಕೊಂಬು ಹಿಡಿದರೆ ಅದರ ಮೇಲಿನ ಕವಚ ಕಳಚಿ ಕೈಗೆ ಬರುತ್ತದೆ, ಬುರುಡೆ ನೆಲಕ್ಕೆ ಬೀಳುತ್ತದೆ. ಅತ್ತೆಗೆ ಕೋಪ ಬರುವುದು ಅದೊಂದಕ್ಕೇ.

ಅತ್ತೆ ಪಶುವೈದ್ಯ ಕಾಲೇಜಿನಲ್ಲಿ ಮೂಳೆಗಳ ಪಾಠ ಹೇಳುತ್ತಿದ್ದವರು, ಈಗ ನಿವೃತ್ತರು. ನಾನು ಪ್ರಾಣಿಗಳ ಡಾಕ್ಟರು. ಮನೆಯ ಮುಂದಿನ ಕೋಣೆಯೇ ನನ್ನ ಕ್ಲಿನಿಕ್ಕು. ಸತ್ತ ಮೇಕೆ ಅವರಿಗೆ, ಬದುಕಿದ್ದು ನನಗೆ ಎಂದು ಮೊದಲೇ ಪಾಲಾಗಿದ್ದರಿಂದ ಅತ್ತೆ ಸೊಸೆ ಜಗಳಕ್ಕೆ ನಮ್ಮಲ್ಲಿ ಜಾಗವೇ ಇರಲಿಲ್ಲ. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಗಂಡನ ಮೇಲೆ ತೀರಿಸಿಕೊಳ್ಳುತ್ತೇನೆ. ಅವನದು ಬೀದಿಯ ಆ ತುದಿಯಲ್ಲಿ ಸಣ್ಣ ಮುದ್ರಣಾಲಯ, ಯಂತ್ರದ ಸದ್ದಿನಲ್ಲಿ ಅವನಿಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಂಸಾರ ಚೆನ್ನಾಗಿ ನಡೆದಿದೆ.

ಹಲಗೆಯ ಮೇಲಿನ ಬುರುಡೆಗಳೆಲ್ಲ ಬಂದದ್ದು ಮಾಂಸದ ಅಂಗಡಿಯಿಂದ. ಅತ್ತೆ ಹಿತ್ತಿಲಿನ ತೊಟ್ಟಿಗಳಲ್ಲಿ ಅವನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿ, ಮಾಂಸ ಕರಗಿದ ಮೇಲೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಿಸಿಲು ತಾಗದ ಕಡೆ ಒಣಗಿಸುತ್ತಾರೆ. ಮೇಕೆಯ ಕೆಳದವಡೆಯ ಎರಡು ಭಾಗಗಳು ಗದ್ದದಲ್ಲಿ ಪೂರ್ತಿ ಬೆಸೆದುಕೊಳ್ಳುವುದೇ ಇಲ್ಲ, ನೀರಲ್ಲಿ ನೆನೆದರೆ ಬೇರೆಬೇರೆಯಾಗಿಬಿಡುತ್ತವೆ. ಅವನ್ನು ಜೋಡಿ ತಪ್ಪದಂತೆ ತಂತಿಯಲ್ಲಿ ಬಿಗಿಯುವುದು ಅತ್ತೆಯ ಸಂಜೆಯ ಕೆಲಸ. ಬೇರೆ ಹೆಂಗಸರು ಸ್ವೆಟರ್ ಹೆಣೆಯುವ ಹೊತ್ತಿನಲ್ಲಿ ನಮ್ಮ ಅತ್ತೆ ದವಡೆ ಹೆಣೆಯುತ್ತಾರೆ. ನೆರೆಯವರು ಬೆನ್ನ ಹಿಂದೆ ಬುರುಡೆ ಡಾಕ್ಟ್ರು ಎನ್ನುವುದು ಅವರಿಗೆ ಗೊತ್ತು. ನಾನು ಬಿಟ್ಟ ಬುರುಡೆ ಒಂದೂ ಇಲ್ಲ, ಇಟ್ಟದ್ದೇ ಎಲ್ಲ ಎಂದು ಅತ್ತೆಯೇ ನಗುತ್ತಾರೆ.

ಒಂದೊಂದು ಹಲಗೆ ಒಂದೊಂದು ತಳಿಗೆ. ಮೂಗಿನ ಮೂಳೆ ಗಿಣಿಯ ಕೊಕ್ಕಿನ ಹಾಗೆ ಬಾಗಿದ ಉದ್ದಕಿವಿಯ ತಳಿ, ಮುಖ ಮೊಟಕಾದ ಗುಡ್ಡದ ತಳಿ, ಕೊಂಬು ತಿರುಚಿಕೊಂಡು ಮೇಲೇರುವ ತಳಿ, ಕೊಂಬಿನ ಜಾಗದಲ್ಲಿ ಬರೀ ಗುಬುಟು ಇರುವ ತಳಿ. ಇದೆಲ್ಲ ಷೋಕಿಗಲ್ಲ. ಮೇಕೆಯ ಹಲ್ಲು ಕೀಳಬೇಕು, ತುಟಿ ಹೊಲಿಯಬೇಕು ಎಂದರೆ ಆ ಭಾಗಕ್ಕೆ ಹೋಗುವ ನರದ ಬುಡಕ್ಕೆ ಸೂಜಿ ಚುಚ್ಚಿ ಅಷ್ಟನ್ನು ಮಾತ್ರ ಮರಗಟ್ಟಿಸಬಹುದು. ಬದುಕಿರುವ ಮೇಕೆಯಲ್ಲಿ ನರ ಕಣ್ಣಿಗೆ ಕಾಣುವುದಿಲ್ಲ. ಸತ್ತ ಮೇಕೆಯಲ್ಲಿ ನರ ಕೊಳೆತುಹೋದರೂ ಅದು ಹಾದುಹೋಗುತ್ತಿದ್ದ ತೂತು ಮೂಳೆಯಲ್ಲಿ ಉಳಿದಿರುತ್ತದೆ. ಅತ್ತೆ ವರ್ಷಗಟ್ಟಲೆ ಆ ತೂತುಗಳನ್ನು ಅಳೆದರು. ದವಡೆಯ ಅಂಚಿನಿಂದ ಎಷ್ಟು ಒಳಗೆ, ಕಣ್ಣಿನ ಗುಳಿಯಿಂದ ಎಷ್ಟು ಕೆಳಗೆ ಎಂದು ತಳಿವಾರು ಒಂದು ಪಟ್ಟಿ ಮಾಡಿದರು. ಊರೂರು ತಿರುಗುವ ಪಶುವೈದ್ಯರು ಜೇಬಿನಲ್ಲಿಟ್ಟುಕೊಳ್ಳುವಂಥ ಒಂದು ಕಾರ್ಡು. ನನ್ನ ಗಂಡನ ಮುದ್ರಣಾಲಯದಲ್ಲಿ ಅಚ್ಚಾಗಿ, ಬರುವ ತಿಂಗಳ ವೈದ್ಯರ ಸಮ್ಮೇಳನದಲ್ಲಿ ಹಂಚಬೇಕಿತ್ತು. ಕೊಂಬು ಬೆಳೆಯದಿರಲೆಂದು ಮರಿಗಳ ಕೊಂಬಿನ ಮೊಳಕೆ ಸುಡುವಾಗಲೂ ಅತ್ತೆಯ ಅಳತೆಯನ್ನೇ ಇಟ್ಟುಕೊಂಡು ಕೊಂಬಿನ ನರಗಳಿಗೆ ಚುಚ್ಚುತ್ತಿದ್ದೆ. ಮರಿಗಳು ಕಮಕ್ ಕಿಮಕ್ ಎನ್ನುತ್ತಿರಲಿಲ್ಲ. ಮರಿಗಳ ಬುರುಡೆಗಳು ಬೇರೆಯೇ ಒಂದು ತಟ್ಟೆಯಲ್ಲಿದ್ದವು, ಉಳಿಯದೆ ಹೋದ ಮರಿಗಳದ್ದು. ಹಾಗಾಗಿ ಅತ್ತೆಯ ಪಟ್ಟಿಯೆಂದರೆ ನನಗೆ ಕಣ್ಣುಮುಚ್ಚಿ ನಂಬುವ ವಸ್ತು.

ಮಾವನದು ಬೇರೆಯೇ ಲೋಕ. ಅವರು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಪಕ್ಕದ ಜಗಲಿಯಲ್ಲಿ ಅವರ ಅಂಗಡಿ. ಎಣ್ಣೆಯ ಕುಪ್ಪಿ ಕೈಯಿಂದ ಇಳಿಯುವುದಿಲ್ಲ; ಬಾಗಿಲ ತಿರುಗಣಿ, ಕಿಟಕಿಯ ಚಿಲಕ, ನನ್ನ ಕ್ಲಿನಿಕ್ಕಿನ ಕತ್ತರಿ, ಕಂಡ ಕಂಡದ್ದಕ್ಕೆಲ್ಲ ಒಂದೊಂದು ಹನಿ ಬಿಡುತ್ತಾ ಓಡಾಡುತ್ತಾರೆ. ಬುರುಡೆಯ ಕೋಣೆಗೆ ಮಾತ್ರ ಕಾಲಿಟ್ಟವರಲ್ಲ. ಅದಕ್ಕೆ ಕಾರಣ ಅವರ ಮೇಕೆ.

ಗಿಣಿಮೂಗಿ ಕಾಲು ಮುರಿದ ಮರಿಯಾಗಿ ನನ್ನ ಕ್ಲಿನಿಕ್ಕಿಗೆ ಬಂದವಳು. ಬಿಟ್ಟುಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಕಾಲು ಕೂಡಿತು, ಮಾವ ಅವಳನ್ನು ತಲೆ ಮೇಲೆ ಕೂರಿಸಿಕೊಂಡರು. ಈಗ ಅವಳು ಮುದುಕಿ. ಹಾಲು ನಿಂತು ಎಷ್ಟೋ ಕಾಲವಾದರೂ ಹಿತ್ತಿಲಿನ ಯಜಮಾನಿಕೆ ಅವಳದೇ. ಅವಳ ಮೂಗಿನ ಬಾಗು ಎಷ್ಟು ಚೆಂದವೆಂದರೆ ಅಂಥದ್ದು ತಮ್ಮ ಹಲಗೆಗಳಲ್ಲಿ ಒಂದೂ ಇಲ್ಲವೆಂದು ಅತ್ತೆ ಒಮ್ಮೆ ಬಾಯಿಬಿಟ್ಟು ಹೇಳಿಬಿಟ್ಟಿದ್ದರು. ಅವತ್ತಿನಿಂದ ಅತ್ತೆ ಹಿತ್ತಿಲಿಗೆ ಬಂದರೆ ಸಾಕು, ಮಾವ ಮೇಕೆಯ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. ಇವಳು ನನ್ನ ಗಿಣಿಯ ಮುಖ ನೋಡುವುದಿಲ್ಲ, ಮುಖದೊಳಗಿನ ಮೂಳೆ ನೋಡುತ್ತಾಳೆ ಎಂದು ನನ್ನ ಹತ್ತಿರ ದೂರು. ಅಳತೆಯ ಕಡ್ಡಿ ಹಿಡಿದು ಅವಳ ಹತ್ತಿರ ಸುಳಿಯಬಾರದೆಂದು ಅತ್ತೆಗೆ ಕಟ್ಟಪ್ಪಣೆಯೂ ಆಗಿತ್ತು.

ಆ ಗಿಣಿಮೂಗಿ ಒಂದು ದಿನ ಮೇವು ಬಿಟ್ಟಳು. ಬಾಯಿಗಿಟ್ಟದ್ದನ್ನು ಅರ್ಧ ಅಗಿದು ಉಂಡೆ ಮಾಡಿ ಉಗುಳತೊಡಗಿದಳು. ಕೆಳದವಡೆಯ ಒಂದು ಬದಿ ಬಾತಿತ್ತು. ಬಾಯಿ ತೆರೆದು ಬೆರಳಾಡಿಸಿದೆ. ದವಡೆ ಹಲ್ಲೊಂದು ಅಲ್ಲಾಡುತ್ತಿತ್ತು, ಬುಡದಲ್ಲಿ ಕೀವು. ಮಾವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಹಲ್ಲು ಕೀಳದಿದ್ದರೆ ಕೀವು ಮೂಳೆಗೆ ಇಳಿಯುತ್ತದೆ, ಇವಳು ಅಗಿಯಲಾರದೆ ಹಸಿವಿನಿಂದಲೇ ಹೋಗುತ್ತಾಳೆ. ಈ ವಯಸ್ಸಿನ ಮೇಕೆಗೆ ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಹೊಟ್ಟೆಯಲ್ಲಿರುವುದು ಗಂಟಲಿಗೆ ಬಂದು ಉಸಿರುಕಟ್ಟುವ ಭಯ. ಉಳಿದ ದಾರಿ ಒಂದೇ, ದವಡೆಯ ನರವನ್ನು ಮಾತ್ರ ಮರಗಟ್ಟಿಸಿ ಕೀಳುವುದು. ಮಾವ ಎಣ್ಣೆಯ ಕುಪ್ಪಿ ಕೆಳಗಿಟ್ಟರು. ನೋವಾಗುತ್ತದಾ ಎಂದು ಕೇಳಿದರು. ಆಗುವುದಿಲ್ಲ, ಅತ್ತೆಯ ಅಳತೆ ಇದೆಯಲ್ಲ ಎಂದು ನಾನು ಮಾತು ಕೊಟ್ಟೆ.

ಮರುದಿನ ಬೆಳಿಗ್ಗೆ ಮಾವ ಗಿಣಿಮೂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು, ನನ್ನ ಗಂಡ ಕಾಲು ಹಿಡಿದ. ಆ ನರ ದವಡೆಯ ಒಳಮೈಯಲ್ಲಿರುವ ಒಂದು ತೂತಿಗೆ ಇಳಿಯುತ್ತದೆ. ಉದ್ದಕಿವಿಯ ತಳಿಗೆ ಅತ್ತೆ ಬರೆದಿದ್ದ ಅಳತೆಯಷ್ಟೇ, ದವಡೆಯ ಕೆಳಅಂಚಿನಿಂದ ಮೂಳೆಗೆ ಒತ್ತಿಕೊಂಡು ಸೂಜಿ ಏರಿಸಿ ಮದ್ದು ಬಿಟ್ಟೆ. ಕಾದೆ. ತುಟಿಗೆ ಸಣ್ಣಗೆ ಚುಚ್ಚಿ ನೋಡಿದರೆ ಗಿಣಿಮೂಗಿ ತಲೆ ಕೊಡವಿದಳು. ಮತ್ತೂ ಕಾದೆ. ವಸಡು ಮುಟ್ಟಿದ್ದೇ ತಡ, ಇಡೀ ಬೀದಿಗೆ ಕೇಳುವ ಹಾಗೆ ಅರಚಿಕೊಂಡಳು. ಇನ್ನಷ್ಟು ಮದ್ದು ಕೊಡುವಂತಿರಲಿಲ್ಲ. ಮೇಕೆಯ ಮೈ ಆ ಮದ್ದನ್ನು ಹೆಚ್ಚು ತಡೆಯುವುದಿಲ್ಲ, ಫಿಟ್ಸ್ ಬಂದುಬಿಡುತ್ತದೆ. ಮಾವ ಅವಳನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. ಕೈಗವಸು ಕೂಡ ಬಿಚ್ಚದೆ ಸೀದಾ ಹಿಂದಿನ ಕೋಣೆಗೆ ನುಗ್ಗಿದೆ. ಅತ್ತೆ ಬಾಗಿಲ ಹಿಂದೆಯೇ ನಿಂತಿದ್ದರು, ಅರಚಿದ್ದು ಅವರಿಗೂ ಕೇಳಿಸಿತ್ತು.

"ನಿಮ್ಮ ಪಟ್ಟಿ ನಂಬಿ ಚುಚ್ಚಿದೆ ಅತ್ತೆ. ಅಲ್ಲಿ ನರ ಇಲ್ಲ."

"ಇರಲೇಬೇಕು. ನಿನ್ನ ಕೈ ಜಾರಿರುತ್ತೆ."

ನನ್ನ ಕೈಗುಣದ ಮೇಲೆ ಮಾತು ಬಂದರೆ ನಾನು ಸುಮ್ಮನಿರುವವಳಲ್ಲ. ಉದ್ದಕಿವಿಯ ತಳಿಯ ದವಡೆಗಳನ್ನೆಲ್ಲ ಮೇಜಿನ ಮೇಲೆ ಸುರುವಿಕೊಂಡು, ಅತ್ತೆಯ ಎದುರಿಗೇ ಒಂದೊಂದನ್ನೂ ಅಳೆದೆ. ಪಟ್ಟಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅತ್ತೆಯ ಮುಖಕ್ಕೆ ಕಳೆ ಬಂತು, ನನ್ನ ಹೊಟ್ಟೆ ಉರಿಯಿತು. ಕೈಯಲ್ಲಿದ್ದ ದವಡೆಯನ್ನು ಕೆಳಗಿಡುವ ಮೊದಲು, ಸುಮ್ಮನೆ ಅಭ್ಯಾಸಬಲದಿಂದ, ಹಲ್ಲುಗಳ ಮೇಲೆ ಬೆರಳಾಡಿಸಿದೆ. ಚೂಪಾಗಿದ್ದವು. ಕೊನೆಯ ಹಲ್ಲು ಇನ್ನೂ ಪೂರ್ತಿ ಮೇಲೆ ಬಂದಿರಲೇ ಇಲ್ಲ, ಮೂಳೆಯೊಳಗಿಂದ ಇಣುಕುತ್ತಿತ್ತು. ಆಗಷ್ಟೇ ಇದೇ ಬೆರಳನ್ನು ಗಿಣಿಮೂಗಿಯ ಬಾಯಲ್ಲಿ ಆಡಿಸಿ ಬಂದಿದ್ದೆ. ಅವಳ ಹಲ್ಲುಗಳು ಸವೆದು ಹಳೆಯ ಮೆಟ್ಟಿಲ ಹಾಗಾಗಿದ್ದವು. ಇನ್ನೊಂದು ದವಡೆ ತೆಗೆದುಕೊಂಡೆ, ಮತ್ತೊಂದು. ಎಲ್ಲವೂ ಎಳೆಯ ಹಲ್ಲುಗಳೇ.

ಇದರಲ್ಲಿ ಮುದಿ ಮೇಕೆಯದು ಯಾವುದು ಎಂದು ಕೇಳಿದೆ. ನನ್ನ ದನಿ ತಾನಾಗಿ ಇಳಿದಿತ್ತು.

ಅತ್ತೆ ನನ್ನ ಕೈಯಲ್ಲಿದ್ದ ದವಡೆಯನ್ನು ತೆಗೆದುಕೊಂಡು ನೋಡಿದರು. ಕನ್ನಡಕ ಏರಿಸಿಕೊಂಡು ಹಲಗೆಯಿಂದ ಹಲಗೆಗೆ ಹೋದರು. ಎತ್ತಿ ನೋಡುವುದು, ಇಡುವುದು, ಎತ್ತಿ ನೋಡುವುದು, ಇಡುವುದು. ಕಡೆಗೆ ಕುರ್ಚಿಯ ಮೇಲೆ ಕೂತರು.

"ಒಂದೂ ಇಲ್ಲ ಕಣೇ," ಅಂದರು. "ಮುದುಕೀನೂ ಇಲ್ಲ, ಹೆಣ್ಣೂ ಇಲ್ಲ. ಎಲ್ಲಾ ಹರೆಯದ ಹೋತಗಳೇ."

ಮಾಂಸದ ಅಂಗಡಿಗೆ ಬರುವುದೇ ಅವು. ಹೆಣ್ಣನ್ನು ಹಾಲಿಗೆ, ಮರಿಗೆ ಎಂದು ಉಳಿಸಿಕೊಳ್ಳುತ್ತಾರೆ. ಅದು ಅತ್ತೆಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಒಂದೇ ವಯಸ್ಸಿನ ಗಂಡುಗಳನ್ನೇ ಕೊಡು ಎಂದು ಅಂಗಡಿಯವನಿಗೆ ತಾಕೀತು ಮಾಡಿದ್ದವರೂ ಅವರೇ. ವಯಸ್ಸು ಒಂದೇ, ಲಿಂಗ ಒಂದೇ ಆದರೆ ಕಂಡ ವ್ಯತ್ಯಾಸವೆಲ್ಲ ತಳಿಯದ್ದೇ ಎಂದು ಗಟ್ಟಿಯಾಗಿ ಹೇಳಬಹುದಲ್ಲ. ತಳಿ ತಳಿಯನ್ನು ಹೋಲಿಸುವುದಕ್ಕೆ ಅದು ಸರಿಯೇ. ಆದರೆ ಹಲ್ಲುನೋವೆಂದು ನನ್ನ ಬಾಗಿಲಿಗೆ ಬರುವುದು ಹರೆಯದ ಹೋತವಲ್ಲ, ಮರಿ ಹಾಕಿ ಹಾಲು ಕೊಟ್ಟು ಹಣ್ಣಾದ ಹೆಣ್ಣು. ಪೂರ್ತಿ ಬೆಳೆದ ದವಡೆಯಲ್ಲಿ ಆ ತೂತು ಇನ್ನೂ ಮೇಲಿರುತ್ತದೆ. ನನ್ನ ಸೂಜಿ ಅಲ್ಲಿಗೆ ಮುಟ್ಟಿರಲೇ ಇಲ್ಲ. ವರ್ಷಗಟ್ಟಲೆ ಅಳೆದ ಅತ್ತೆಗೂ, ಅದನ್ನು ನಂಬಿದ ನನಗೂ, ಇಬ್ಬರಲ್ಲಿ ಒಬ್ಬರಿಗಾದರೂ ಇದು ಹೊಳೆಯಬೇಕಿತ್ತು. ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು.

ಅವರು ಎದ್ದು ಮಗನಿಗೆ ಫೋನು ಮಾಡಿದರು. ಕಾರ್ಡು ಅಚ್ಚು ಹಾಕಬೇಡ ಎಂದಷ್ಟೇ ಹೇಳಿ ಇಟ್ಟರು. ಆಮೇಲೆ ತೂತನ್ನೇ ನೋಡುತ್ತಾ ಬಹಳ ಹೊತ್ತು ಕೂತರು. ನಾನು ಚಹಾ ತಂದಿಟ್ಟೆ, ಅದು ಆರಿ ಕೆನೆ ಕಟ್ಟಿತು. ಕಡೆಗೆ ಅವರು ಒಂದು ಬುರುಡೆಗೆ ಅದರ ದವಡೆ ಜೋಡಿಸಿ, ಹಲ್ಲುಸಾಲಿನ ಮೇಲೆ ಒಂದು ದಾರ ಎಳೆದು ಹಿಂದಕ್ಕೆ ಚಾಚಿದರು. ಇನ್ನೊಂದು ದಾರವನ್ನು ಕಣ್ಣಿನ ಹೊರಮೂಲೆಯಿಂದ ನೇರ ಕೆಳಗೆ ಬಿಡಲು ನನಗೆ ಹೇಳಿದರು. ದಾರಗಳು ಒಂದನ್ನೊಂದು ಹಾಯ್ದ ಕಡೆ, ಮೂಳೆಯ ಒಳಮೈಯಲ್ಲಿ, ಆ ತೂತು. ಗುಡ್ಡದ ತಳಿಯಲ್ಲಿ ನೋಡಿದೆವು, ಅಲ್ಲೂ ಅದೇ. ತಟ್ಟೆಯಲ್ಲಿದ್ದ ಮರಿಗಳಲ್ಲಿ ನೋಡಿದೆವು, ಹೆಚ್ಚುಕಡಿಮೆ ಅದೇ. ಮುಖ ಉದ್ದವಾಗಲಿ ಮೊಟಕಾಗಲಿ, ದವಡೆ ಬೆಳೆದಂತೆ ಗೆರೆಗಳೂ ಜೊತೆಗೇ ಬೆಳೆಯುತ್ತವೆ. ಅಳತೆ ಬೇಡ, ಗೆರೆ ಸಾಕು ಎಂದರು ಅತ್ತೆ. ಗೆರೆಯನ್ನು ಆಯಾ ಮೇಕೆಯ ಮುಖವನ್ನೇ ಕೇಳಿ ಹಾಕಬೇಕು.

ನಾಳಿದ್ದು ನೀವೇ ಗೆರೆ ಹಾಕಿಕೊಡಿ ಎಂದೆ. ಚರ್ಮದ ಕೆಳಗಿನ ಮೂಳೆಯನ್ನು ಅವರಷ್ಟು ಬಲ್ಲ ಬೆರಳು ನನ್ನವಲ್ಲ. ಅತ್ತೆ ಹೆದರಿದರು. ಜೀವವಿರುವ ಮೇಕೆಯನ್ನು ಅವರು ಮುಟ್ಟಿ ಎಷ್ಟು ಕಾಲವಾಗಿತ್ತೋ. ಅದು ಅಲ್ಲಾಡುತ್ತದಲ್ಲ ಎಂದರು. ಅಲ್ಲಾಡುವುದೇ ಅಲ್ಲವೇ ನನ್ನ ಹೊಟ್ಟೆಪಾಡು ಎಂದು ನಾನು ರೇಗಿಸಿದೆ. ಆದರೆ ಅದಕ್ಕಿಂತ ದೊಡ್ಡ ಭಯ ಅವರಿಗೆ ಹಿತ್ತಿಲಿನಲ್ಲಿ ಕೂತಿತ್ತು.

ಮಾವ ಮೇವನ್ನು ಕೈಯಲ್ಲೇ ಹಿಸುಕಿ ಮೆತ್ತಗೆ ಮಾಡಿ ಗಿಣಿಮೂಗಿಯ ಬಾಯಿಗೆ ಇಡುತ್ತಿದ್ದರು. ಅತ್ತೆ ಬಂದದ್ದು ಕಂಡು, ರೂಢಿಯಂತೆ, ಅವಳ ಮುಖವನ್ನು ಗೋಡೆಗೆ ತಿರುಗಿಸಿದರು. ಅತ್ತೆ ಅಲ್ಲೇ ನಿಂತರು.

"ತಪ್ಪು ಸೊಸೆಯದಲ್ಲ ರೀ, ನಂದು. ನನ್ನ ಹತ್ರ ಇರೋದೆಲ್ಲ ಹುಡುಗ್ರ ತಲೆ. ಮುದುಕಿ ಮುಖ ಹೇಗಿರುತ್ತೆ ಅಂತ ನಾನು ನೋಡೇ ಇಲ್ಲ."

"ನಾನು ದಿನಾ ನೋಡ್ತಿದೀನಿ," ಅಂದರು ಮಾವ. ಮೇಕೆಯನ್ನು ಕುರಿತು ಹೇಳಿದರೋ ಬೇರೆ ಯಾರನ್ನೋ, ನನಗೆ ಗೊತ್ತಾಗಲಿಲ್ಲ.

ಅತ್ತೆ ನಗಲಿಲ್ಲ. ಒಂದು ಸಲ ಇವಳ ಮುಖ ಮುಟ್ಟಲು ಬಿಡಿ, ಅಳತೆಯ ಕಡ್ಡಿ ತರುವುದಿಲ್ಲ, ಬರೀ ಕೈ ಎಂದು ಕೇಳಿಕೊಂಡರು. ನಾನು ಈ ಮನೆಗೆ ಬಂದಾಗಿನಿಂದ ಅತ್ತೆ ಮಾವನನ್ನು ಏನನ್ನಾದರೂ ಹಾಗೆ ಕೇಳಿದ್ದು ನಾನಂತೂ ಕಂಡಿರಲಿಲ್ಲ. ಮಾವ ಬಹಳ ಹೊತ್ತು ಮೇವು ಹಿಸುಕುತ್ತಲೇ ಇದ್ದರು. ಮತ್ತೆ ಅರಚಿದರೆ ಅದೇ ಕೊನೆ, ಇನ್ನು ಯಾರೂ ಇವಳನ್ನು ಮುಟ್ಟುವ ಹಾಗಿಲ್ಲ, ಆದದ್ದಾಗಲಿ ಎಂದರು. ಆಮೇಲೆ ಮೇಕೆಯ ಮುಖವನ್ನು ಮೆಲ್ಲಗೆ ಈ ಕಡೆ ತಿರುಗಿಸಿದರು.

ಆ ದಿನ ಬಂತು. ಗಿಣಿಮೂಗಿಯ ಕಂದುಕೂದಲಿನ ಮೇಲೆ ಪೆನ್ನಿನ ಗೆರೆ ಕಾಣಲಿಲ್ಲ. ಮಾವ ಗೊಣಗುತ್ತಾ ಎದ್ದುಹೋಗಿ ತಮ್ಮ ಪೆಟ್ಟಿಗೆಯಿಂದ ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ ತಂದುಕೊಟ್ಟರು. ಅತ್ತೆ ಕಣ್ಣುಮುಚ್ಚಿ ಅವಳ ಕೆನ್ನೆಯ ಮೇಲೆ ಬೆರಳಿಟ್ಟರು. ಗಿಣಿಮೂಗಿ ಉಸಿರು ಬಿಟ್ಟು, ಅವರ ರವಿಕೆಯ ತೋಳಿನ ಗುಂಡಿ ನೆಕ್ಕಿ ನೋಡಿದಳು. ಅತ್ತೆಯ ಕೈ ಒಂದು ಕ್ಷಣ ನಿಂತುಹೋಯಿತು.

"ಎಷ್ಟು ಬೆಚ್ಚಗಿದೆ ಕಣೇ," ಅಂದರು.

ಮಾವ ಕೆಮ್ಮಿ ಬೇರೆ ಕಡೆ ನೋಡಿದರು. ಅತ್ತೆ ಗೆರೆ ಹಾಕಿದರು, ಒಂದು ಕಣ್ಣಿನ ಮೂಲೆಯಿಂದ ಕೆಳಗೆ, ಒಂದು ಹಲ್ಲುಸಾಲಿನಿಂದ ಹಿಂದಕ್ಕೆ. ಎರಡೂ ಕೂಡಿದ ಕಡೆಯೇ ನನ್ನ ಗುರಿ. ಸೂಜಿಯನ್ನು ಕೆಳಅಂಚಿನಿಂದ ಆ ಗುರುತಿನ ಎತ್ತರಕ್ಕೆ ಏರಿಸಿದೆ. ಮೊನ್ನೆ ನಿಲ್ಲಿಸಿದ ಕಡೆಯಿಂದ ಒಂದು ಬೆರಳಗಲದಷ್ಟು ಇನ್ನೂ ಮೇಲೆ. ಮದ್ದು ಬಿಟ್ಟು ಕಾದೆವು. ಸ್ವಲ್ಪ ಹೊತ್ತಿಗೆ ಗಿಣಿಮೂಗಿಯ ಕೆಳತುಟಿ ಆ ಬದಿಯಲ್ಲಿ ಜೋತುಬಿತ್ತು. ಚುಚ್ಚಿದೆ, ಅವಳಿಗೆ ಅದು ಗೊತ್ತೇ ಆಗಲಿಲ್ಲ. ವಸಡು ಒತ್ತಿದೆ. ಅವಳು ಮಾವನ ಅಂಗಿಯ ಜೇಬಿನಲ್ಲಿ ಏನಿದೆ ಎಂದು ಮೂಸುತ್ತಿದ್ದಳು. ಹಲ್ಲು ಒಂದೇ ಎಳೆತಕ್ಕೆ ಬಂತು, ಬುಡವೆಲ್ಲ ಕಪ್ಪಾಗಿ ಕೊಳೆತಿತ್ತು. ನನಗೆ ಕುಣಿಯಬೇಕೆನಿಸಿತು, ಕೈ ತುಂಬ ರಕ್ತವಿದ್ದುದರಿಂದ ಸುಮ್ಮನಾದೆ.

ಮರಗಟ್ಟಿದ್ದು ಬಿಡುವ ತನಕ ಮೇವು ಕೊಡುವಂತಿಲ್ಲ, ತನ್ನ ನಾಲಗೆಯನ್ನೇ ಅಗಿದುಕೊಂಡಾಳು ಎಂದು ಎಚ್ಚರಿಸಿದೆ. ಅತ್ತೆ ಒಂದು ಬದಿ, ಮಾವ ಒಂದು ಬದಿ ಕಾವಲು ಕೂತರು. ಇವಳು ಮೆಲುಕು ಹಾಕುವಾಗ ದವಡೆ ಯಾವ ಕಡೆಗೆ ಮೊದಲು ಸರಿಯುತ್ತದೆ ಎಂದು ಇಬ್ಬರಿಗೂ ವಾದ ಹತ್ತಿಕೊಂಡಿತು. ಮಾವ ದಿನಾ ಕಂಡದ್ದನ್ನು ಹೇಳಿದರು, ಅತ್ತೆ ಕೀಲಿನ ಆಕಾರ ಹೇಳಿದರು. ಗಿಣಿಮೂಗಿ ಮಧ್ಯದಲ್ಲಿ ಕೂತು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ನಾನು ನೆಮ್ಮದಿಯಾಗಿ ಹೋಗಿ ನನ್ನ ಉಳಿದ ರೋಗಿಗಳನ್ನು ನೋಡಿದೆ.

ಕಾರ್ಡು ಹೊಸದಾಗಿ ಆಯಿತು. ನನ್ನ ಗಂಡ ಮಾಡಿದ ಕೆಲಸ ಮತ್ತೆ ಮಾಡಬೇಕಲ್ಲ ಎಂದು ಗೊಣಗಿದ, ಯಂತ್ರದ ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ. ಒಂದು ಬದಿಯಲ್ಲಿ ಹಳೆಯ ಅಳತೆಗಳೇ, ಆದರೆ ಮೇಲೆ ಅತ್ತೆ ದಪ್ಪಕ್ಷರದಲ್ಲಿ 'ಹರೆಯದ ಹೋತಗಳಿಗೆ ಮಾತ್ರ' ಎಂದು ಹಾಕಿಸಿದರು. ಇನ್ನೊಂದು ಬದಿಯಲ್ಲಿ ಮುದಿ ಮೇಕೆಯೊಂದರ ಮುಖದ ಚಿತ್ರ, ಕೆನ್ನೆಯ ಮೇಲೆ ಎರಡು ಬಿಳಿ ಗೆರೆ. ಮೂಗಿನ ಬಾಗು ನೋಡಿದರೆ ಯಾರದೆಂದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಮಾವ ಒಂದನ್ನು ತಮ್ಮ ಅಂಗಡಿಯಲ್ಲಿ ಅಂಟಿಸಿಕೊಂಡಿದ್ದಾರೆ.

ಅದಾದ ಕೆಲವು ದಿನಕ್ಕೆ, ಅತ್ತೆಯೂ ನಾನೂ ದವಡೆಗಳಿಗೆ ತಂತಿ ಬಿಗಿಯುತ್ತಾ ಕೂತಿದ್ದಾಗ, ಮಾವ ಮೊದಲ ಸಲ ಬುರುಡೆಯ ಕೋಣೆಯ ಹೊಸ್ತಿಲು ದಾಟಿ ಒಳಗೆ ಬಂದರು. ಕೈಯಲ್ಲಿ ಹಳೆಯ ಹೊಲಿಗೆ ಯಂತ್ರದ ಕಬ್ಬಿಣದ ತೋಳಿನಿಂದ ಮಾಡಿದ ಒಂದು ಪುಟ್ಟ ಪೀಠ. ಬಣ್ಣ ಕೆರೆದು, ಅರ ಹಾಕಿ, ಕನ್ನಡಿಯಂತೆ ಹೊಳೆಸಿದ್ದರು. ಹಲಗೆಗಳನ್ನು ಒಂದು ಸುತ್ತು ನೋಡಿ, ಉದ್ದಕಿವಿಯ ತಳಿಯ ಸಾಲಿನಲ್ಲಿ ಎರಡು ಬುರುಡೆಗಳನ್ನು ಸರಿಸಿದರು, ಕೊಂಬು ಹಿಡಿಯದೆ. ಆ ಸಂದಿಯಲ್ಲಿ ಪೀಠ ಇಟ್ಟರು.

"ಅವಳ ಕಾಲ ಮುಗಿದ ಮೇಲೆ ಮಣ್ಣು ಮಾಡೋದು ಬೇಡ," ಅಂದರು. "ಇಲ್ಲಿ ಇಡು. ಇಷ್ಟೊಂದು ಹುಡುಗ್ರ ಮಧ್ಯೆ ಒಬ್ಬ ಮುದುಕಿ ಇರ್ಲಿ."

ಇಷ್ಟು ವರ್ಷ ಆ ಮೂಗಿನ ಬಾಗಿನ ಮೇಲೆ ಕಣ್ಣಿಟ್ಟಿದ್ದ ಅತ್ತೆ ಕೈಯಲ್ಲಿದ್ದ ತಂತಿ ಕೆಳಗಿಟ್ಟರು. ಎದ್ದುಹೋಗಿ ಪೀಠವನ್ನು ಬೆರಳಿನಿಂದ ಸವರಿದರು. ಹಿತ್ತಿಲಿನಿಂದ ಗಿಣಿಮೂಗಿ ಮೇವು ಅಗಿಯುವ ಕರಕರ ಸದ್ದು ಕೇಳುತ್ತಿತ್ತು.

"ಇದು ತುಂಬಾ ಹೊಳೀತಿದೆ ರೀ," ಅಂದರು. "ಚೆನ್ನಾಗಿ ತುಕ್ಕು ಹಿಡೀಲಿ, ಆಮೇಲೆ ನೋಡೋಣ."

ಪೀಠ ಇವತ್ತಿಗೂ ಖಾಲಿಯಾಗಿಯೇ ಇದೆ. ಈಗ ಮಾವ ಸಂಜೆ ಹೊತ್ತು ಆ ಕೋಣೆಗೂ ಬರುತ್ತಾರೆ. ಬಾಗಿಲ ತಿರುಗಣಿಗೆ ಒಂದು ಹನಿ, ಕಿಟಕಿಯ ಚಿಲಕಕ್ಕೆ ಒಂದು ಹನಿ, ಅತ್ತೆಯ ಇಕ್ಕಳಕ್ಕೆ ಒಂದು ಹನಿ ಎಣ್ಣೆ ಬಿಡುತ್ತಾರೆ. ತುಕ್ಕು ತನ್ನ ಪಾಡಿಗೆ ನಿಧಾನವಾಗಿ ಬರಲಿ ಎಂದು ಆ ಪೀಠಕ್ಕೆ ಮಾತ್ರ ಬಿಡುವುದಿಲ್ಲ.